ಮೀನಿಗೆ ಖರ್ಚಿಲ್ಲದ ಊರು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಮ್ಮ ಕೊಡುವ ಉತ್ತರ ಒಂದೇ. "ಕಂಪ್ನಿ ಇನ್ನೂ ಖರ್ಚ್ ಮಾಡ್ದೆ ಇದ್ದ್ ದುಡ್ಡಿಗೆ ಈಗ್ಲೇ ಲೆಕ್ಕ ಬರೂದ್." ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ. ನಾನು ಬಜೆಟ್ ಅನಲಿಸ್ಟ್. ಆಸ್ಪತ್ರೆಗಳಿಗೆ ಸಾಮಾನು ಪೂರೈಸುವ ಒಂದು ಖಾಸಗಿ ಕಂಪನಿಯ ಕುಂದಾಪುರದ ಕಚೇರಿಯಲ್ಲಿ ಕೂತು, ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಖೆಗಳು ಬರುವ ವರ್ಷ ಎಷ್ಟು ಖರ್ಚು ಮಾಡಬಹುದೆಂದು ಅಂದಾಜು ಹಾಕುವುದು ನನ್ನ ಹೊಟ್ಟೆಪಾಡು. ಹುದ್ದೆಯ ಹೆಸರು ಕೇಳಿದವರು ದೊಡ್ಡ ಸಂಬಳವೆಂದು ತಿಳಿಯುತ್ತಾರೆ. ಮಂಗಳೂರಿನಲ್ಲಿ ಇದೇ ಕೆಲಸ ಮಾಡುವವರ ಸಂಬಳವನ್ನೂ ನಾನೇ ಬಜೆಟ್ಟಿನಲ್ಲಿ ನೋಡಬೇಕಾಗುತ್ತದೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಕೇಳಿದರೆ, ಕುಂದಾಪುರದಲ್ಲಿ ಜೀವನ ಅಗ್ಗ ಅಲ್ಲವೇ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಒಬ್ಬರೂ ಇಲ್ಲಿನ ಅಂಗಡಿಯಲ್ಲಿ ಒಂದು ತೆಂಗಿನಕಾಯಿ ಕೊಂಡವರಲ್ಲ.

ನಾನೂ ಅಮ್ಮನೂ ಪೇಟೆಯೊಳಗೆ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ನನಗೆ ಮದುವೆಯಾಗಿಲ್ಲ; ಕಾರಣ ಬೇಕಾದವರು ಬೇರೆ ಕಡೆ ವಿಚಾರಿಸಲಿ. ಅಮ್ಮನ ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲವೆಂದು ನೆಲಮಹಡಿಯ ಮನೆಯೇ ಬೇಕಾಯಿತು, ನೆಲಮಹಡಿಯೆಂದರೆ ಬಾಡಿಗೆ ಹೆಚ್ಚು. ಆ ಹೆಚ್ಚಿನ ಬಾಡಿಗೆಯನ್ನು ಹೊರುವುದು ನನ್ನ ಮೂಲ ಸಂಬಳವಲ್ಲ, ಅದರ ಜೊತೆಗೆ ಬರುವ ಸ್ಥಳ ಭತ್ಯೆ. ಯಾವ ಊರಿನಲ್ಲಿ ಬದುಕಲು ಎಷ್ಟು ಬೇಕೆಂದು ನೋಡಿ ಕಂಪನಿ ಕೊಡುವ ದುಡ್ಡು ಅದು. ನಮ್ಮ ಮೂರು ಊರುಗಳಿಗೆ ಮಂಗಳೂರಿನ ಅರ್ಧದಷ್ಟು. ಅರ್ಧವಾದರೂ ಬರುತ್ತದಲ್ಲ ಎಂದು ಸುಮ್ಮನಿದ್ದೆ.

ಅಮ್ಮ ಮೂಲತಃ ತ್ರಾಸಿ ಕಡೆಯವಳು. ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿ, ಆಮೇಲೆ ಕುಂದಾಪುರದ ಮಾರ್ಕೆಟ್ಟಿನಲ್ಲಿ ಜಾಗ ಹಿಡಿದು, ಜೀವಮಾನವಿಡೀ ಮೀನು ಮಾರಿದವಳು. ನನ್ನ ಕಾಲೇಜಿನ ಫೀಸು ಬಂದದ್ದು ಆ ಬುಟ್ಟಿಯಿಂದಲೇ. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಬೋಟನ್ನು ಅಣ್ಣ ಮಾರಿದ; ಅಮ್ಮ ಅವನ ಮನೆಯಲ್ಲಿದ್ದಳು. ಅವನ ಮಗಳಿಗೆ ಸಂಬಂಧ ಬರತೊಡಗಿದಾಗ, ಬಂದವರ ಮುಂದೆ ಮರ್ಯಾದೆಯ ಪ್ರಶ್ನೆ, ಮಾರ್ಕೆಟ್ಟಿಗೆ ಹೋಗುವುದು ಬಿಡು ಎಂದು ಅಮ್ಮನಿಗೆ ಹೇಳಿದ. ಅಮ್ಮ ಬಟ್ಟೆಯ ಚೀಲ ಹಿಡಿದುಕೊಂಡು ನನ್ನ ಬಳಿ ಬಂದಳು. "ಇನ್ನ್ ಅವ್ನ್ ಜಗ್ಲಿ ಹತ್ತುದಿಲ್ಲ" ಎಂದಳು. ಅಷ್ಟರಲ್ಲಿ ಮೊಣಕಾಲೂ ಹೋಗಿತ್ತು, ಮಾರುವುದು ಹೇಗೂ ನಿಂತಿತು.

ಮಾರುವುದು ನಿಂತರೂ ಮಾರ್ಕೆಟ್ಟು ಬಿಡಲಿಲ್ಲ. ಬೆಳಿಗ್ಗೆ ಚಹಾ ಕುಡಿದು, ತಲೆಗೆ ಎಣ್ಣೆ ಹಚ್ಚಿ, ನಿಧಾನಕ್ಕೆ ನಡೆದು ಹೋಗುತ್ತಿದ್ದಳು. ಅವಳ ಪಕ್ಕದಲ್ಲೇ ಕೂತು ಮಾರುತ್ತಿದ್ದ ಹಳೆಯ ಗೆಳತಿಯೊಬ್ಬಳು ಈಗಲೂ ಅಲ್ಲಿದ್ದಾಳೆ. ಅವಳ ಬಲಗಡೆ, ಮಾರುವವರು ಕೂರುವ ಸಾಲಿನಲ್ಲೇ, ಮಗುಚಿದ ಪ್ಲಾಸ್ಟಿಕ್ ಕ್ರೇಟೊಂದು ಅಮ್ಮನಿಗಾಗಿ ಇರುತ್ತಿತ್ತು. ಅದರ ಮೇಲೆ ಕೂತು ಅಮ್ಮ ಗಿರಾಕಿಗಳನ್ನು ನೋಡುತ್ತಿದ್ದಳು, ಅವರು ಹೋದ ಮೇಲೆ ಅವರ ಚೌಕಾಸಿಯನ್ನು ಆಡಿಕೊಂಡು ನಗುತ್ತಿದ್ದಳು, ಗೆಳತಿ ಚಹಾಕ್ಕೆ ಹೋದಾಗ ಬುಟ್ಟಿ ಕಾಯುತ್ತಿದ್ದಳು. ಹೊತ್ತೇರಿದ ಮೇಲೆ ಮಧ್ಯಾಹ್ನದ ಸಾರಿಗೆ ಮೀನು ಹಿಡಿದುಕೊಂಡು ಮನೆಗೆ ಬರುತ್ತಿದ್ದಳು.

ಆ ಮೀನಿನ ವಿಷಯದಲ್ಲಿ ಅವರಿಬ್ಬರ ನಡುವೆ ಒಂದು ಕ್ರಮ ಇತ್ತು. ಮೀನು ಮಾರಿದ ಹೆಂಗಸು ಇನ್ನೊಬ್ಬಳ ಹತ್ತಿರ ದರ ಕೇಳಿ ಮೀನು ಕೊಳ್ಳುವುದಿಲ್ಲ. ಹಾಗೆಂದು ಪುಕ್ಕಟೆ ತಿನ್ನುವುದೂ ಇಲ್ಲ. ಗೆಳತಿ ತಾನಾಗಿ ನಾಲ್ಕು ಬಂಗುಡೆಯನ್ನೋ ಒಂದು ಹಿಡಿ ಸಿಗಡಿಯನ್ನೋ ಚೀಲಕ್ಕೆ ಹಾಕುತ್ತಾಳೆ. ಅಮ್ಮ ಬೇಡ ಎನ್ನುತ್ತಾಳೆ. ಆಮೇಲೆ ಏನೋ ಬೇರೆ ಮಾತಾಡುತ್ತಾ ಬುಟ್ಟಿಯ ಅಡಿಯ ಗೋಣಿಯ ಅಂಚು ಎತ್ತಿ ನೋಟು ಸೇರಿಸುತ್ತಾಳೆ. ಗೆಳತಿ ಆ ಕಡೆ ನೋಡುವುದಿಲ್ಲ. ಅಲ್ಲಿ ಮಾರಿದವರೂ ಇಲ್ಲ, ಕೊಂಡವರೂ ಇಲ್ಲ. ಆ ನೋಟು ಮಾರ್ಕೆಟ್ಟಿನ ದರಕ್ಕಿಂತ ಒಂದು ರೂಪಾಯಿಯೂ ಕಡಿಮೆ ಇರುತ್ತಿರಲಿಲ್ಲ ಎಂಬುದು ನನಗೆ ಗೊತ್ತು, ಏಕೆಂದರೆ ಆ ದುಡ್ಡು ಕೊಡುತ್ತಿದ್ದವಳು ನಾನೇ. ಬಾಡಿಗೆ ಬಿಟ್ಟರೆ ನಮ್ಮ ಮನೆಯ ದೊಡ್ಡ ಖರ್ಚೇ ಅದು.

ಒಂದು ಮಳೆಗಾಲದಲ್ಲಿ ಮುಖ್ಯ ಕಚೇರಿಯವರಿಗೆ ಖರ್ಚು ಉಳಿಸುವ ಹುಚ್ಚು ಹಿಡಿಯಿತು. ಸಣ್ಣ ಊರುಗಳಿಗೆ ಸ್ಥಳ ಭತ್ಯೆ ಬೇಕೇ ಬೇಡವೇ ನೋಡೋಣ ಎಂದು ಹೊರಗಿನ ಯಾರಿಗೋ ಸಮೀಕ್ಷೆಯ ಕೆಲಸ ಕೊಟ್ಟರು. ಮೂರು ಶಾಖೆಗಳ ನೌಕರರ ಮನೆಮನೆಗೆ ಹೋಗಿ ತಿಂಗಳ ಖರ್ಚು ವಿಚಾರಿಸುವುದು. ನಮ್ಮ ಮನೆಗೆ ಬಂದಾಗ ನಾನು ಕಚೇರಿಯಲ್ಲಿದ್ದೆ. ಸಂಜೆ ಅಮ್ಮ ಸಂತೋಷದಿಂದಲೇ ವರದಿ ಒಪ್ಪಿಸಿದಳು.

"ಇಬ್ರ್ ಹುಡ್ಗ್ರ್ ಬಂದಿದ್ರ್. ಪಾಪ, ಚಂದ ಮಾಡಿ ಮಾತಾಡಿದ್ರ್. ಚಾ ಕೊಟ್ಟ್ ಕಳ್ಸಿದೆ."

"ಎಂತ ಕೇಳಿದ್ರ್?"

"ಬಾಡ್ಗಿ, ಗ್ಯಾಸು, ಅಕ್ಕಿ ಎಲ್ಲಾ ಕೇಳಿದ್ರ್. ಮೀನಿಗ್ ಎಷ್ಟ್ ಆತ್ತ್ ಅಂತ ಕೇಳಿದ್ರ್. ನಂಗ್ ನೆಗಿ ಬಂತ್."

"ನೀ ಎಂತ ಹೇಳ್ದೆ?"

"ಎಂತ ಹೇಳುದ್? ಮೀನ್ ನಮ್ ಬೋಟಿಂದೇ ಬತ್ತ್, ನಾವ್ ತಕಂಬುದಿಲ್ಲ ಅಂದೆ."

ನನಗೂ ನಗು ಬಂತು. ಮಳೆಗಾಲದಲ್ಲಿ ಬೋಟುಗಳೆಲ್ಲ ದಡದಲ್ಲಿ ಕಟ್ಟಿರುತ್ತವೆ, ಮೀನುಗಾರಿಕೆಗೆ ನಿಷೇಧ. ಮಾರ್ಕೆಟ್ಟಿಗೆ ಬರುವುದೆಲ್ಲ ಎಲ್ಲಿಂದಲೋ ಐಸಿನಲ್ಲಿ ಬಂದ ಮೀನು, ಬೆಲೆ ಕೇಳಿದರೆ ತಲೆ ತಿರುಗಬೇಕು. ಅಂಥ ತಿಂಗಳಲ್ಲಿ ಬೋಟಿನಿಂದ ಮೀನು ಬರುತ್ತದೆ ಎಂದರೆ ನಂಬಿ ಬರೆದುಕೊಂಡು ಹೋದವರು ನಮ್ಮೂರಿನವರಾಗಿರಲಿಕ್ಕಿಲ್ಲ. ಅಮ್ಮ ಸುಳ್ಳು ಹೇಳಿದಳೆಂದು ನನಗೆ ಅನ್ನಿಸಲಿಲ್ಲ. ನಮ್ಮ ಜನಕ್ಕೆ ಮೀನು ಕೊಂಡು ತಿನ್ನುತ್ತೇವೆ ಎನ್ನುವುದು ಬಾಯಲ್ಲಿ ಬರುವ ಮಾತಲ್ಲ.

ಸಮೀಕ್ಷೆಯ ಪಟ್ಟಿ ಕೊನೆಗೆ ಬಂದದ್ದು ನನ್ನ ಮೇಜಿಗೇ. ಬಜೆಟ್ಟಿಗೆ ಅದನ್ನು ಸೇರಿಸಬೇಕಾದವಳು ನಾನು. ತೆರೆದು ನೋಡಿದರೆ ಮೈ ಉರಿಯಿತು. ಮೀನುಗಾರರ ಮನೆಯವರು ಯಾರೂ ಮೀನು ಕೊಳ್ಳುವುದಿಲ್ಲ. ಗದ್ದೆ ಇದ್ದವರ ಮನೆಯವರು ಅಕ್ಕಿ ಕೊಳ್ಳುವುದಿಲ್ಲ. ತೆಂಗಿನಕಾಯಿಯನ್ನಂತೂ ಮೂರು ತಾಲೂಕಿನಲ್ಲಿ ಒಬ್ಬರೂ ಕೊಳ್ಳುವುದಿಲ್ಲ. ಆ ಪಟ್ಟಿಯ ಪ್ರಕಾರ ನಾವು ಬದುಕಿರುವುದು ಗ್ಯಾಸು, ಸಾಬೂನು ಮತ್ತು ಮೊಬೈಲಿನ ರೀಚಾರ್ಜಿನ ಮೇಲೆ. ಕೆಳಗೆ ಮುಖ್ಯ ಕಚೇರಿಯ ಟಿಪ್ಪಣಿ ಇತ್ತು: ಈ ಮೂರು ಶಾಖೆಗಳ ಸ್ಥಳ ಭತ್ಯೆಯನ್ನು ಕೈಬಿಟ್ಟು ಅಂದಾಜು ಸಿದ್ಧಪಡಿಸಿ. ನನ್ನ ಸಂಬಳವನ್ನು ನಾನೇ ಕತ್ತರಿಸಬೇಕಿತ್ತು.

ಬ್ರಹ್ಮಾವರ ಶಾಖೆಯ ಗೋದಾಮು ನೋಡಿಕೊಳ್ಳುವವರಿಗೆ ಫೋನು ಮಾಡಿದೆ. ಕೊಕ್ಕರ್ಣೆ ಊರಿನವರು, ನನಗಿಂತ ಹಿರಿಯರು. "ಹೌದ್ ಮರಾಯ್ರೆ, ಅಕ್ಕಿ ಮನಿ ಗದ್ದಿದೇ ಅಂದೆ. ಮತ್ತೆ ಗದ್ದಿ ಹಡ್ಲ್ ಬಿದ್ದಿತ್, ಅಂಗ್ಡಿ ಅಕ್ಕಿ ಉಂಬುದ್ ಅಂತ ಗುರ್ತಿಲ್ದ್ ಹುಡ್ಗ್ರ್ ಹತ್ರ ಹೇಳುಕಾತ್ತಾ?" ಎಂದರು. ಬೈಂದೂರು ಶಾಖೆಯಲ್ಲಿ ಬಿಲ್ಲು ಬರೆಯುವ ಹುಡುಗಿ ಇನ್ನೂ ಮೆತ್ತಗೆ ಹೇಳಿದಳು. "ಕಾಯಿ ತವರ್ ಮನಿಂದ ಬತ್ತ್ ಅಂದೆ ಮೇಡಂ. ಅಪ್ಪಯ್ಯ ಇದ್ದಾಗ ಬತ್ತಿದ್ದದ್ ಹೌದಲ್ದಾ?" ಇಬ್ಬರ ಮೇಲೂ ಸಿಟ್ಟು ಮಾಡಬೇಕೆಂದೇ ಫೋನು ಹಿಡಿದಿದ್ದೆ. ಅಮ್ಮ ಹೇಳಿದ ನಮ್ಮ ಮನೆಯ ಬೋಟು ನೆನಪಾಗಿ ಸುಮ್ಮನೆ ಇಟ್ಟೆ.

ಅಂದಾಜು ಕಳಿಸುವ ಬದಲು ಒಂದು ಪತ್ರ ಬರೆದೆ. ಈ ಪಟ್ಟಿ ತಪ್ಪು, ಇಲ್ಲಿನ ಜನ ಇಂಥ ಖರ್ಚುಗಳನ್ನು ಹೊರಗಿನವರಿಗೆ ಹೇಳುವುದಿಲ್ಲ, ಭತ್ಯೆ ತೆಗೆದರೆ ಮನೆ ನಡೆಯುವುದಿಲ್ಲ ಎಂದು. ಮುಖ್ಯ ಕಚೇರಿಯ ಹಣಕಾಸು ಅಧಿಕಾರಿಯೊಬ್ಬರು ಫೋನು ಮಾಡಿದರು. ಬಯಲುಸೀಮೆಯವರು, ಮರ್ಯಾದಸ್ಥರು. "ನೀವು ಹೇಳುವುದು ನಿಜ ಇರಬಹುದು ಮೇಡಂ. ಆದರೆ ಕೊಂಡಿದ್ದೇವೆ ಅಂತ ಕೊಂಡವರೇ ಹೇಳಬೇಕಲ್ಲ?" ಎಂದರು. ತಾವೇ ಬಂದು ನೋಡುತ್ತೇನೆ, ತಕರಾರು ಎತ್ತಿದವರು ನೀವೇ ಆದ್ದರಿಂದ ನಿಮ್ಮ ಮನೆಯಿಂದಲೇ ಶುರು ಮಾಡೋಣ ಎಂದರು. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಆ ಸಂಜೆ ಅಮ್ಮ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹೇಳದೆ ಬೇರೆ ದಾರಿಯಿರಲಿಲ್ಲ.

"ಅಮ್ಮ, ಭತ್ಯೆ ಹೋದ್ರೆ ಈ ಮನಿ ಬಿಡ್ಕ್."

"ಬಿಟ್ಟ್ ಬೇರೆ ಕಾಂಬ. ಬಸ್ರೂರಲ್ಲಿ ಬಾಡ್ಗಿ ಕಮ್ಮಿ ಇತ್ತಂಬ್ರ್."

"ಅಲ್ಲೂ ಕೇಂಡೆ. ಮುಂಗಡ ಕೊಟ್ಟ್, ದಿನಾ ಬಸ್ಸಿಗೆ ಕೊಟ್ಟ್ ಮೇಲೆ ಅದೂ ಆತಿಲ್ಲ. ನಾನೊಬ್ಳಾರೆ ಯಾರದಾರೂ ಮನಿಯಲ್ಲ್ ಒಂದ್ ಕೋಣಿ ಹಿಡಿಲಕ್ಕ್."

ಅಮ್ಮ ತಿಕ್ಕುವುದನ್ನು ನಿಲ್ಲಿಸಿದಳು. "ಮತ್ತೆ ನಾ ಎಲ್ಲ್ ಹೋಪ್ದ್?"

ಇಬ್ಬರಿಗೂ ಗೊತ್ತಿದ್ದ ಮನೆ ಒಂದೇ. ಅಣ್ಣ ಕೆಟ್ಟವನಲ್ಲ, ಅಮ್ಮ ಬಂದರೆ ಅನ್ನ ಹಾಕಿಯೇ ಹಾಕುತ್ತಾನೆ. ಆದರೆ ನೆಂಟರು ಬಂದಾಗ ಅವಳು ಒಳಗಿನ ಕೋಣೆಯಲ್ಲಿ ಕೂರಬೇಕು, ಹಳೆಯ ಕತೆ ತೆಗೆಯಬಾರದು. ತನ್ನ ಜೀವಮಾನವನ್ನು ಮುಚ್ಚಿಟ್ಟುಕೊಂಡು ಬದುಕಬೇಕು. ಅಮ್ಮ ಅಲ್ಲಿ ಒಂದು ವರ್ಷ ತಾಳುವುದಿಲ್ಲವೆಂದು ನನಗೆ ಖಚಿತವಿತ್ತು.

"ಸಾಹೇಬ್ರ್ ಬಂದಾಗ ಮೀನ್ ತಕಂತೆ ಅಂತ ಹೇಳ್ ಅಮ್ಮ. ಅಷ್ಟೇ."

"ನಾ ತಕಂಬುದಿಲ್ಲ ಹೆಣೆ. ಕೊಟ್ಟದ್ದ್ ಹಿಡ್ಕಂಡ್ ಬಪ್ಪುದ್."

"ದುಡ್ಡ್ ಇಡ್ತಿಲ್ಯಾ?"

"ಇಡುದ್ ಬೇರೆ. ತಕಂಬುದ್ ಬೇರೆ."

ನಾನು ಎದ್ದು ಹೋಗಿ ಅನ್ನಕ್ಕಿಟ್ಟೆ.

ಅಧಿಕಾರಿ ಬಂದದ್ದು ಬೆಳಿಗ್ಗೆ, ಮಳೆ ಸ್ವಲ್ಪ ಹೊಳವಾದ ಹೊತ್ತಿನಲ್ಲಿ. ಅಮ್ಮ ಆಗಲೇ ಮಾರ್ಕೆಟ್ಟಿಗೆ ಹೋಗಿಯಾಗಿತ್ತು. ಬೇಕೆಂದೇ ಬೇಗ ಹೋಗಿದ್ದಳೋ ಏನೋ. ಮನೆಯ ಬಾಡಿಗೆ, ಕರೆಂಟು, ಗ್ಯಾಸು ಎಲ್ಲ ನೋಡಿದ ಮೇಲೆ ಅವರು, ಮೀನಿನದೊಂದು ಉಳಿಯಿತು, ಮಾರ್ಕೆಟ್ಟು ಹತ್ತಿರವೇ ಇದ್ದರೆ ಅಲ್ಲೇ ಕೇಳೋಣ ಎಂದರು. ಮೀನು ಮುಟ್ಟದ ಮನುಷ್ಯ ಪ್ಯಾಂಟು ಎತ್ತಿ ಹಿಡಿದು, ಕರವಸ್ತ್ರ ಮೂಗಿಗೆ ಹಿಡಿಯಲೋ ಬೇಡವೋ ಎಂದು ಸಂಕೋಚಪಡುತ್ತಾ ನನ್ನ ಹಿಂದೆ ಬಂದರು. ಅಮ್ಮ ತನ್ನ ಕ್ರೇಟಿನ ಮೇಲೆ ಕೂತಿದ್ದಳು. ನಮ್ಮನ್ನು ನೋಡಿಯೂ ಏಳಲಿಲ್ಲ.

ಅಧಿಕಾರಿ ನೇರವಾಗಿ ಗೆಳತಿಯನ್ನೇ ಕೇಳಿದರು. "ಅಮ್ಮ, ಇವರಿಗೆ ನೀವು ದಿನಾ ಮೀನು ಮಾರ್ತೀರಾ? ಏನು ರೇಟಿಗೆ ಕೊಡ್ತೀರಿ?"

ಗೆಳತಿ ಅವರನ್ನು ನೋಡಿದಳು, ಅಮ್ಮನನ್ನು ನೋಡಿದಳು. ಯಾರೋ ತನ್ನ ಎದುರಿಗೇ ಅಮ್ಮನನ್ನು ಹೀನಾಯ ಮಾಡಿದರೆಂದು ಅವಳಿಗೆ ಅನ್ನಿಸಿರಬೇಕು.

"ಇವ್ರಿಗೆ ಮಾರುದಾ? ಹ್ವಾಯ್, ಎಂತ ಮಾತಾಡ್ತ್ರಿ ನೀವ್? ಇವ್ರ್ ನಮ್ ಜನ. ಇವ್ರಿಗೆ ನಾ ಒಂದಿನವೂ ಮೀನ್ ಮಾರ್ಲಿಲ್ಲ."

ಪ್ರೀತಿಯಿಂದ ಆಡಿದ ಮಾತು ಅದು. ಆ ಮಾತಿಗೆ ನಮ್ಮ ಮನೆ ಹೋಯಿತು ಎಂದುಕೊಂಡೆ. ಅಧಿಕಾರಿ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಗೋಣಿಯ ಅಂಚು, ಅದರ ಅಡಿಯ ನೋಟು, ಇದನ್ನೆಲ್ಲ ಆ ಜನರ ನಡುವೆ ನಿಂತು ನಾನು ಹೇಗೆ ಬಿಡಿಸಿ ಹೇಳಲಿ?

ಅಮ್ಮ ಕ್ರೇಟಿನ ಮೇಲಿಂದ ಎದ್ದಳು. ನೆಲಕ್ಕೆ ಕೈಯೂರಿ, ಆಮೇಲೆ ಗೋಡೆ ಹಿಡಿದು, ನಿಧಾನಕ್ಕೆ ಸಾಲು ಸುತ್ತಿಕೊಂಡು ಬಂದು ಬುಟ್ಟಿಯ ಈಚೆ, ಗಿರಾಕಿಗಳು ನಿಲ್ಲುವ ಒದ್ದೆ ನೆಲದಲ್ಲಿ, ನನ್ನ ಪಕ್ಕ ನಿಂತಳು. ಅವಳು ಈ ಕಡೆಯಿಂದ ಆ ಬುಟ್ಟಿಯನ್ನು ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಬಂಗ್ಡೆ ಹ್ಯಾಂಗೆ?" ಎಂದಳು.

ಗೆಳತಿ ಪಕ್ಕದವಳ ಕಡೆ ತಿರುಗಿದಳು.

"ನಿನ್ ಹತ್ರ ಕೇಂಡದ್. ಬಂಗ್ಡೆ ಹ್ಯಾಂಗ್ ಕೊಡ್ತೆ?"

ಗೆಳತಿ ಕೇಳಿಯೂ ಕೇಳದಷ್ಟು ಸಣ್ಣ ದನಿಯಲ್ಲಿ ದರ ಹೇಳಿದಳು. ಅಮ್ಮ ಎಲ್ಲರಿಗೂ ಕೇಳುವಂತೆ, "ಹೆಚ್ಚಾಯ್ತ್. ಕಮ್ಮಿ ಮಾಡ್" ಎಂದಳು. ಅಕ್ಕಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದವರ ಕೈ ನಿಂತಿತು. ಗೆಳತಿ ಏನನ್ನೂ ಕಡಿಮೆ ಮಾಡದೆ ತೂಗಿ ಚೀಲಕ್ಕೆ ಹಾಕಿದಳು. ಅವಳು ಅಮ್ಮನಿಗೆ ಮೀನು ತೂಗಿದ್ದು ಅದೇ ಮೊದಲಿರಬೇಕು. ಅಮ್ಮ ಸೊಂಟದ ಪುಟ್ಟ ಚೀಲದಿಂದ ದುಡ್ಡು ತೆಗೆದು ಮುಂದೆ ಹಿಡಿದಳು. ಗೆಳತಿಯ ಕೈ ಮಡಿಲಲ್ಲೇ ಇತ್ತು.

"ಹಿಡಿ" ಎಂದಳು ಅಮ್ಮ.

ಗೆಳತಿ ಹಿಡಿದಳು. ಅಮ್ಮ ಅಧಿಕಾರಿಯ ಕಡೆ ತಿರುಗಿದಳು. "ದಿನಾ ತಕಂತೆ ನಾನ್. ಬರ್ಕಣಿ. ನಮ್ಗ್ ಬೋಟ್ ಇಲ್ಲ. ಮಾರಿ ಆಯ್ತ್."

ಅಧಿಕಾರಿ ಬರೆದುಕೊಂಡರು. ಥ್ಯಾಂಕ್ಸ್ ಅಮ್ಮ ಎಂದರು. ತಾವು ಏನು ನೋಡಿದೆವೆಂದು ಅವರಿಗೆ ಗೊತ್ತಾಗಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಅವರದು ಏನೂ ತಪ್ಪಿಲ್ಲದಿದ್ದರೂ ಆ ಮನುಷ್ಯನ ಮೇಲೆ ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅಮ್ಮನ ಕೈಯಿಂದ ಚೀಲ ತೆಗೆದುಕೊಂಡು ಮನೆಯ ಕಡೆ ನಡೆದೆ. ಅಮ್ಮ ನನ್ನ ಹಿಂದೆಯೇ ಬಂದಳು. ಅಳು ಒತ್ತಿಕೊಂಡು ಬರುತ್ತಿತ್ತು, ರಸ್ತೆಯಲ್ಲಿ ಹೇಗೆ ಅಳುವುದೆಂದು ತಡೆದುಕೊಂಡೆ.

ಸುದ್ದಿ ಬೈಂದೂರಿಗೂ ಬ್ರಹ್ಮಾವರಕ್ಕೂ ಹೇಗೋ ಮುಟ್ಟಿತು. ಕೊಕ್ಕರ್ಣೆಯವರು ತಾವಾಗಿಯೇ ಫೋನು ಮಾಡಿ, "ಅಮ್ಮನೇ ಹೇಳ್ರಂಬ್ರ್ ಅಲ್ದಾ? ನನ್ನ್ ಅಕ್ಕಿ ಅಂಗ್ಡಿದೇ ಅಂತ ಬರ್ಕಣಿ" ಎಂದರು. ಬೈಂದೂರಿನ ಹುಡುಗಿ ಕಾಯಿಯ ಖರ್ಚು ಬರೆದು ಕಳಿಸಿದಳು, ಜೊತೆಗೆ ಒಂದು ಮಾತೂ ಬರೆಯಲಿಲ್ಲ. ಪಟ್ಟಿ ಹೊಸದಾಗಿ ತಯಾರಾಯಿತು. ಭತ್ಯೆ ಏರಲಿಲ್ಲ, ಆದರೆ ಇದ್ದದ್ದು ಇದ್ದ ಹಾಗೆ ಉಳಿಯಿತು. ಮಂಗಳೂರಿನವರಿಗೂ ನಮಗೂ ಇದ್ದ ಅಂತರ ಹಾಗೇ ಇದೆ. ಬಾಡಿಗೆ ಕಟ್ಟುತ್ತಿದ್ದೇನೆ. ಅಮ್ಮ ನನ್ನ ಜೊತೆಗೇ ಇದ್ದಾಳೆ.

ಅಧಿಕಾರಿ ಬಂದು ಹೋದ ಮರುದಿನ ಬೆಳಿಗ್ಗೆ ಅಮ್ಮ ಚಹಾ ಕುಡಿದು ಜಗಲಿಯಲ್ಲೇ ಕೂತಳು. ಕಾಲು ನೋವಿರಬೇಕೆಂದುಕೊಂಡೆ. ಅದರ ಮರುದಿನವೂ ಹೋಗಲಿಲ್ಲ. ಮಳೆ ಬಿಟ್ಟ ಮೇಲೆ ಹೋಗಬಹುದು ಎಂದುಕೊಂಡೆ. ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದವು, ಮಾರ್ಕೆಟ್ಟಿನಲ್ಲಿ ಮೀನು ತುಂಬಿತು, ಅಮ್ಮ ಮಾತ್ರ ಮನೆಯಿಂದ ಹೊರಡಲಿಲ್ಲ. ಈಗ ಕಚೇರಿಗೆ ಹೋಗುವ ಮೊದಲು ಮೀನು ತರುವವಳು ನಾನು. ನನಗೆ ಮೀನು ನೋಡಲು ಬರುವುದಿಲ್ಲ. ಕೈಗೆ ಸಿಕ್ಕಿದ್ದನ್ನು ತರುತ್ತೇನೆ. ಮೊದಲಾಗಿದ್ದರೆ ಕಿವಿರು ಬಿಡಿಸಿ ನೋಡಿ, ಇದನ್ನು ಬೆಕ್ಕೂ ಮೂಸುವುದಿಲ್ಲ ಎಂದು ಇಡೀ ದಿನ ಆಡಿಕೊಳ್ಳುತ್ತಿದ್ದಳು. ಈಗ ಏನು ತಂದರೂ ಸುಮ್ಮನೆ ತೊಳೆದು ಕೊಯ್ಯುತ್ತಾಳೆ. ಅದನ್ನು ನನಗೆ ತಡೆಯಲಾಗುವುದಿಲ್ಲ.

ಗೆಳತಿ ನನ್ನನ್ನು ಕಂಡಾಗೆಲ್ಲ ಅಮ್ಮನನ್ನು ಕೇಳುತ್ತಾಳೆ. ಬರಲು ಹೇಳು ಎನ್ನುತ್ತಾಳೆ. ಆ ಕ್ರೇಟನ್ನು ಬೇರೆ ಯಾರಿಗೂ ಕೊಟ್ಟಿಲ್ಲವಂತೆ. ಒಂದು ಭಾನುವಾರ ಅಮ್ಮ ಅಂಗಳದಲ್ಲಿ ಬೈಗೆ ಮೀನಿನ ಹೊಟ್ಟೆ ಬಿಡಿಸುತ್ತಿದ್ದಾಗ ಎದುರು ಕೂತು ಕೇಳಿಯೇಬಿಟ್ಟೆ.

"ಎಂತಕ್ ಹೋಪುದಿಲ್ಲ ಅಮ್ಮ? ಅವ್ರ್ ದಿನಾ ಕೇಂತ್ರ್."

ಅಮ್ಮ ಕತ್ತಿ ಬದಿಗಿಟ್ಟು ಕೈ ತೊಳೆದುಕೊಂಡಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಏನಾದರೂ ತಿಳಿಸಿ ಹೇಳುವಾಗಿನ ದನಿಯಲ್ಲೇ ಹೇಳಿದಳು.

"ಹೋಯಿ ಎಂತ ಮಾಡುದ್ ಹೆಣೆ? ಗಿರಾಕಿ ಅಂದ್ರೆ ನಿಂತ್ಕಂಡ್ ತಕಂಡ್ ಹೋಪ್ದ್. ಕೂಕಂಬುದಲ್ಲ."